ಬರಹ ಪ್ರಕಟವಾದರೂ ರೀಡರ್‌ಗೆ ಸುದ್ದಿ ಹೋಗುತ್ತಿಲ್ಲವೇ? ವೆಬ್‌ಸಬ್ ದೋಷ ಪತ್ತೆ ಮತ್ತು ಪರಿಹಾರ

ಬರಹ ಪ್ರಕಟಿಸಿ ಮೂರು ತಾಸಾಯಿತು. ಬ್ಲಾಗ್ ತೆರೆದರೆ ಕಾಣುತ್ತದೆ, ಚಂದಾದಾರರ ಫೀಡ್ ರೀಡರ್‌ನಲ್ಲಿ (ಬ್ಲಾಗಿನ ಹೊಸ ಬರಹಗಳ ಪಟ್ಟಿಯಾದ ಫೀಡನ್ನು ತಂದು ತೋರಿಸುವ ತಂತ್ರಾಂಶ) ಮಾತ್ರ ಇಲ್ಲ. ಈ ಕಾಯುವಿಕೆ ತಪ್ಪಲೆಂದೇ ಇರುವುದು ವೆಬ್‌ಸಬ್. ಮೊದಲು ಪಬ್‌ಸಬ್‌ಹಬಬ್ ಎಂದು ಕರೆಸಿಕೊಳ್ಳುತ್ತಿದ್ದ ಈ ಪದ್ಧತಿ 2018ರ ಜನವರಿಯಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಯಿತು. ಸರಿಯಾಗಿ ಕೂತರೆ ಬರಹ ಪ್ರಕಟವಾದ ಕೆಲವೇ ಸೆಕೆಂಡಿನಲ್ಲಿ ಸುದ್ದಿ ಮುಟ್ಟುತ್ತದೆ. ಕೆಟ್ಟರೆ ಸದ್ದಿಲ್ಲದೆ ಕೆಡುತ್ತದೆ. ಎಲ್ಲೂ ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ, ರೀಡರ್ ತನ್ನ ಹಳೆಯ ರೂಢಿಯಂತೆ ಗಂಟೆಗೋ ದಿನಕ್ಕೋ ಒಮ್ಮೆ ಫೀಡ್ ನೋಡಿಕೊಂಡು ಹೋಗುತ್ತಿರುತ್ತದೆ.

ಸುದ್ದಿ ನಾಲ್ಕು ಹಂತ ದಾಟಬೇಕು. ನಿಮ್ಮ ಫೀಡ್ ತನ್ನ ಹಬ್ (ಬ್ಲಾಗಿಗೂ ಚಂದಾದಾರರಿಗೂ ನಡುವೆ ನಿಂತು ಸುದ್ದಿ ಹಂಚುವ ಸರ್ವರ್) ಯಾವುದೆಂದು ತಾನೇ ಹೇಳಬೇಕು. ಬರಹ ಪ್ರಕಟವಾದೊಡನೆ ಬ್ಲಾಗ್ ಆ ಹಬ್‌ಗೆ ಪಿಂಗ್ ಮಾಡಬೇಕು. ಹಬ್ ಬಂದು ಫೀಡನ್ನು ಓದಿ ಹೊಸದೇನೆಂದು ಗುರುತಿಸಬೇಕು. ಕೊನೆಗೆ ಅದನ್ನು ಪ್ರತಿ ಚಂದಾದಾರನ ಕಾಲ್‌ಬ್ಯಾಕ್ ವಿಳಾಸಕ್ಕೆ, ಅಂದರೆ ಸುದ್ದಿ ಪಡೆಯಲು ಅವನ ಕಡೆಯ ರೀಡರ್ ಕೊಟ್ಟ ವಿಳಾಸಕ್ಕೆ, ಕಳಿಸಬೇಕು.

ಇದರಲ್ಲಿ ಬಹಳ ಜನ ಎಡವುವುದು ಒಂದು ತಪ್ಪು ಕಲ್ಪನೆಯಿಂದ. ಪಿಂಗ್ ಜೊತೆಗೇ ಬರಹವೂ ಹೋಗುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಪಿಂಗ್ ಎಂದರೆ ಬಾಗಿಲು ತಟ್ಟಿದಂತೆ, ಪೊಟ್ಟಣ ಕೈಗೆ ಕೊಟ್ಟಂತಲ್ಲ. ಅದರಲ್ಲಿ ಇರುವುದು ಫೀಡಿನ ವಿಳಾಸವಷ್ಟೇ. ಹಬ್ ತಾನೇ ಬಂದು ನೋಡಿದಾಗ ಏನು ಕಂಡಿತು ಎಂಬುದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆ. ಆದ್ದರಿಂದ ದೋಷ ಹುಡುಕುವಾಗ ನಿಮ್ಮ ಬ್ರೌಸರಿನಲ್ಲಿ ಏನಿದೆ ಎಂಬುದಕ್ಕಿಂತ ಹಬ್‌ನ ಕಣ್ಣಿಗೆ ಏನು ಬಿತ್ತು ಎಂಬುದೇ ಮುಖ್ಯ.

ಕೆಳಗಿನ ವಿವರ ಹೆಚ್ಚಾಗಿ ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಇಟ್ಟುಕೊಂಡವರಿಗೆ. ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ಹಬ್‌ನ ಹೆಸರು ಹೇಳುವುದೂ ಪಿಂಗ್ ಮಾಡುವುದೂ ತಾನಾಗಿಯೇ ಆಗುತ್ತದೆ. ಅಲ್ಲಿನವರು ಸೈಟ್ ಫೀಡ್ ಸೆಟ್ಟಿಂಗ್ ಮತ್ತು ಫೀಡ್ ರೀಡೈರೆಕ್ಟ್, ಈ ಎರಡನ್ನು ನೋಡಿದರೆ ಬಹುಪಾಲು ಮುಗಿಯಿತು. ಕನ್ನಡ ಲಿಪಿಯಲ್ಲಿ ಕೊಟ್ಟಿರುವ ತಾಂತ್ರಿಕ ಹೆಸರುಗಳನ್ನು ಟೈಪಿಸುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಕೈ ಹಾಕುವ ಮುನ್ನ

ಥೀಮ್ ಕಡತ, ಡಬ್ಲ್ಯುಪಿ-ಕಾನ್ಫಿಗ್, ಎಚ್‌ಟಿಆಕ್ಸೆಸ್ ಇವುಗಳಲ್ಲಿ ಯಾವುದನ್ನು ಮುಟ್ಟುವುದಿದ್ದರೂ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಕ್ಕೆ ಹೋಗಿ. ಭದ್ರತಾ ಪ್ಲಗಿನ್ ಅಡ್ಡ ಬರುತ್ತಿದೆ ಎಂಬ ಅನುಮಾನ ಬಂದರೂ ಅದನ್ನು ಪೂರ್ತಿ ಆಫ್ ಮಾಡಿ ಮರೆಯಬೇಡಿ. ಫೀಡ್ ವಿಳಾಸವೊಂದಕ್ಕೆ ವಿನಾಯಿತಿ ಕೊಟ್ಟರೆ ಸಾಕು. ಪರೀಕ್ಷೆಗೆಂದು ನಿಮಿಷಕ್ಕೆ ಹತ್ತಾರು ಪಿಂಗ್ ಕಳಿಸಬೇಡಿ. ಸಾರ್ವಜನಿಕ ಹಬ್‌ಗಳು ಅತಿಯಾಗಿ ಕಾಡಿದವರನ್ನು ತಡೆಹಿಡಿಯುತ್ತವೆ, ಆಗ ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ.

ಲಕ್ಷಣ: ಒಂದು ರೀಡರ್‌ನಲ್ಲಿ ತಕ್ಷಣ ಬರುತ್ತದೆ, ಇನ್ನೊಂದರಲ್ಲಿ ತಡ

ಇದು ನಿಮ್ಮ ಬ್ಲಾಗಿನ ದೋಷವೇ ಅಲ್ಲ. ಹಬ್ ಸುದ್ದಿ ಕಳಿಸಬೇಕಾದರೆ ಪಡೆಯುವವರಿಗೆ ಇಂಟರ್‌ನೆಟ್‌ನಲ್ಲಿ ಸದಾ ತೆರೆದಿರುವ ವಿಳಾಸ ಬೇಕು. ಸರ್ವರ್ ಮೇಲೆ ನಡೆಯುವ ರೀಡರ್ ಸೇವೆಗಳಿಗೆ ಅದಿರುತ್ತದೆ. ಫೋನಿನಲ್ಲೇ ಕೂತು ತಾನೇ ಫೀಡ್ ತರುವ ಆ್ಯಪ್‌ಗೆ ಇರುವುದಿಲ್ಲ, ಅದು ನಿಗದಿತ ಹೊತ್ತಿಗೆ ಬಂದು ನೋಡುತ್ತದೆ ಅಷ್ಟೇ. ಮನೆಯ ಕಂಪ್ಯೂಟರಿನಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಹಾಕಿಕೊಂಡವರಿಗೂ ಇದೇ ಮಾತು: ಅದರ ಮೂಲ ವಿಳಾಸ ಹೊರಗಿನಿಂದ ತಲುಪುವಂತಿದ್ದರೆ ಮಾತ್ರ ವೆಬ್‌ಸಬ್ ಕೆಲಸ ಮಾಡುತ್ತದೆ. ಲೋಕಲ್‌ಹೋಸ್ಟ್ ಅಥವಾ 192.168ರಿಂದ ಶುರುವಾಗುವ ವಿಳಾಸವಾದರೆ ಆಗದು.

ಒಬ್ಬ ಓದುಗರು ದೂರಿದಾಗ ಮೊದಲು ಅವರ ರೀಡರ್ ಯಾವುದೆಂದು ಕೇಳಿ. ಸರ್ವರ್ ಆಧಾರಿತ ರೀಡರ್‌ನಲ್ಲಿ ಸುದ್ದಿ ಸರಿಯಾಗಿ ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ.

ಲಕ್ಷಣ: ಎಲ್ಲ ರೀಡರ್‌ನಲ್ಲೂ ತಡ, ಪ್ರತಿ ಸಲವೂ ತಡ

ಮೊದಲನೆಯ ಹಂತವೇ ಇಲ್ಲದಿದ್ದಾಗ ಹೀಗಾಗುತ್ತದೆ. ಫೀಡನ್ನು ಬ್ರೌಸರಿನಲ್ಲಿ ತೆರೆದು ಪೇಜ್ ಸೋರ್ಸ್ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಬ್ಲಾಗಿನ ವಿಳಾಸದ ಕೊನೆಗೆ ಫೀಡ್ ಎಂದು ಸೇರಿಸಿದರೆ ಅದು ತೆರೆಯುತ್ತದೆ. ಮೇಲ್ಭಾಗದಲ್ಲಿ, ಮೊದಲ ಬರಹ ಶುರುವಾಗುವ ಮುಂಚೆ, ಎರಡು ಲಿಂಕ್ ಸಾಲು ಇರಬೇಕು. ಒಂದರ ರೆಲ್ ಗುಣ 'ಹಬ್', ಇನ್ನೊಂದರದ್ದು 'ಸೆಲ್ಫ್'. ಮೊದಲನೆಯದು ಹಬ್‌ನ ವಿಳಾಸ, ಎರಡನೆಯದು ಈ ಫೀಡಿನ ಅಸಲಿ ವಿಳಾಸ. ಕೆಲವು ಬ್ಲಾಗುಗಳು ಇದನ್ನು ಎಚ್‌ಟಿಟಿಪಿ ಹೆಡರಿನಲ್ಲಿ ಕಳಿಸುತ್ತವೆ. ಎರಡೂ ಕಡೆ ಇದ್ದು ಒಂದಕ್ಕೊಂದು ಹೊಂದದಿದ್ದರೆ ಹೆಡರ್‌ನದ್ದೇ ಗೆಲ್ಲುತ್ತದೆ. ಆದ್ದರಿಂದ ಬ್ರೌಸರಿನ ನೆಟ್‌ವರ್ಕ್ ಟ್ಯಾಬ್ ತೆರೆದು ಹೆಡರ್ ಸಾಲುಗಳನ್ನೂ ಓದಿ.

ಹಬ್ ಸಾಲು ಕಾಣದಿದ್ದರೆ ವೆಬ್‌ಸಬ್ ಪ್ಲಗಿನ್ ಹಾಕಿಲ್ಲ, ಇಲ್ಲವೇ ಹಾಕಿದರೂ ಥೀಮ್ ತನ್ನದೇ ಫೀಡ್ ಮಾದರಿ ಬಳಸುತ್ತಿದೆ. ಆರ್‌ಎಸ್‌ಎಸ್ 2.0 ಫೀಡನ್ನು ಕೈಯಾರೆ ಬರೆದಿದ್ದರೆ ಇನ್ನೊಂದು ಸಣ್ಣ ಸಂಗತಿ ನೋಡಿ. ಈ ಲಿಂಕ್ ಸಾಲು ಆಟಮ್ ಕುಟುಂಬದ್ದು, ಆರ್‌ಎಸ್‌ಎಸ್‌ನದ್ದಲ್ಲ. ಫೀಡಿನ ಮೊದಲ ಟ್ಯಾಗ್‌ನಲ್ಲಿ ಆಟಮ್ ನೇಮ್‌ಸ್ಪೇಸ್ ಘೋಷಿಸದೆ ಬರೀ ಲಿಂಕ್ ಎಂದು ಬರೆದರೆ ರೀಡರ್ ಅದನ್ನು ಬ್ಲಾಗಿನ ಮುಖಪುಟದ ಲಿಂಕ್ ಎಂದು ತಿಳಿಯುತ್ತದೆ.

ಸೆಲ್ಫ್ ಸಾಲನ್ನು ಅಕ್ಷರ ಅಕ್ಷರವಾಗಿ ಓದಿ. ಹಬ್‌ಗೆ ವಿಳಾಸವೆಂದರೆ ಅಕ್ಷರಮಾಲೆ. ಎಚ್‌ಟಿಟಿಪಿ ಬೇರೆ, ಎಚ್‌ಟಿಟಿಪಿಎಸ್ ಬೇರೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದು ಬೇರೆ, ಇಲ್ಲದ್ದು ಬೇರೆ. ಕೊನೆಯ ಓರೆಗೆರೆ ಇದ್ದರೆ ಒಂದು ಫೀಡ್, ಇಲ್ಲದಿದ್ದರೆ ಇನ್ನೊಂದು. ಚಂದಾದಾರರು ಸೆಲ್ಫ್ ಸಾಲಿನ ವಿಳಾಸಕ್ಕೆ ಚಂದಾ ಆಗುತ್ತಾರೆ. ಪ್ಲಗಿನ್ ಬೇರೆ ರೂಪಕ್ಕೆ ಪಿಂಗ್ ಮಾಡಿದರೆ ಹಬ್ ಯಾರೂ ಚಂದಾ ಆಗಿರದ ಫೀಡನ್ನು ನೋಡಿಕೊಂಡು ಸುಮ್ಮನಾಗುತ್ತದೆ. ಬ್ಲಾಗನ್ನು ಎಚ್‌ಟಿಟಿಪಿಎಸ್‌ಗೆ ಬದಲಿಸಿದ ಮೇಲೆ ಸುದ್ದಿ ನಿಂತಿತು ಎನ್ನುವವರು ಇಲ್ಲಿಂದಲೇ ಶುರುಮಾಡಬೇಕು. ಹಿಂದೆ ಫೀಡ್‌ಬರ್ನರ್ (ಫೀಡನ್ನು ತನ್ನ ವಿಳಾಸದಿಂದ ಹಂಚುವ ಗೂಗಲ್ ಸೇವೆ) ಬಳಸಿ ಆಮೇಲೆ ಬಿಟ್ಟವರ ಫೀಡ್‌ನಲ್ಲಿ ಆ ಹಳೆಯ ವಿಳಾಸ ಇನ್ನೂ ಉಳಿದಿರಬಹುದು. ಬ್ಲಾಗರ್‌ನವರು ರೀಡೈರೆಕ್ಟ್ ಜಾಗ ನೋಡಬೇಕೆಂದು ಹೇಳಿದ್ದೂ ಇದಕ್ಕೇ.

ಎರಡೂ ಸಾಲು ಸರಿಯಿದ್ದರೆ ಪಿಂಗ್ ಹೋಗುತ್ತಿದೆಯೇ ನೋಡಿ. ಕೈಯಿಂದ ಒಂದು ಪಿಂಗ್ ಕಳಿಸುವುದು ಕಷ್ಟವಲ್ಲ. ಕರ್ಲ್ (ಆದೇಶ ಸಾಲಿನಿಂದ ವೆಬ್ ಕೋರಿಕೆ ಕಳಿಸುವ ಉಪಕರಣ) ಮೂಲಕ ಹಬ್‌ನ ವಿಳಾಸಕ್ಕೆ ಪೋಸ್ಟ್ ಕೋರಿಕೆ, ಅದರಲ್ಲಿ ಎರಡು ಮೌಲ್ಯ: 'ಹಬ್.ಮೋಡ್' ಎಂಬುದಕ್ಕೆ 'ಪಬ್ಲಿಷ್', 'ಹಬ್.ಯುಆರ್‌ಎಲ್' ಎಂಬುದಕ್ಕೆ ಸೆಲ್ಫ್ ಸಾಲಿನ ವಿಳಾಸ. ಗೂಗಲ್‌ನ ಹಬ್ ಆದರೆ 204 ಎಂಬ ಉತ್ತರ ಬರಬೇಕು. 400 ಬಂದರೆ ಮೌಲ್ಯದ ಹೆಸರೋ ವಿಳಾಸವೋ ತಪ್ಪಿದೆ. ನಿಮ್ಮ ಕಂಪ್ಯೂಟರಿನಿಂದ ಕಳಿಸಿದ ಈ ಪಿಂಗ್‌ಗೆ ಓದುಗರಿಗೆ ಸುದ್ದಿ ಮುಟ್ಟಿ, ಬ್ಲಾಗ್ ತಾನೇ ಪ್ರಕಟಿಸಿದಾಗ ಮುಟ್ಟದಿದ್ದರೆ ಸರ್ವರಿನಿಂದ ಹೊರಹೋಗುವ ದಾರಿ ಮುಚ್ಚಿರಬಹುದು. ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ 'ಡಬ್ಲ್ಯುಪಿ_ಎಚ್‌ಟಿಟಿಪಿ_ಬ್ಲಾಕ್_ಎಕ್ಸ್‌ಟರ್ನಲ್' ಎಂಬ ಸಾಲು (ಇದು ಮಾತ್ರ ದೊಡ್ಡಕ್ಷರದಲ್ಲಿರುತ್ತದೆ) ನಿಜ ಎಂದಿದೆಯೇ ನೋಡಿ. ಇಲ್ಲದಿದ್ದರೆ ಹೋಸ್ಟಿಂಗ್‌ನವರ ಫೈರ್‌ವಾಲ್ ತಡೆಯುತ್ತಿರಬಹುದು, ಅದು ನಿಮ್ಮ ಕೈಯಲ್ಲಿಲ್ಲ.

ಲಕ್ಷಣ: ಪಿಂಗ್‌ಗೆ 204 ಬಂದಿದೆ, ಆದರೂ ಸುದ್ದಿ ಇಲ್ಲ

ಅತಿ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು. 204 ಎಂದರೆ ಹಬ್ ಬಾಗಿಲು ತಟ್ಟಿದ್ದನ್ನು ಕೇಳಿಸಿಕೊಂಡಿದೆ ಎಂದಷ್ಟೇ ಅರ್ಥ. ಬಂದು ನೋಡಿದಾಗ ಹಳೆಯ ಫೀಡೇ ಕಂಡರೆ ಅದು ಯಾರಿಗೂ ಏನನ್ನೂ ಕಳಿಸುವುದಿಲ್ಲ.

ಹಳೆಯದು ಕಾಣಲು ಮೊದಲ ಕಾರಣ ಕ್ಯಾಶ್, ಅಂದರೆ ಬೇಗ ಕೊಡಲೆಂದು ಮೊದಲೇ ಎತ್ತಿಟ್ಟ ಪುಟದ ಪ್ರತಿ. ಇಲ್ಲಿ ಬ್ಲಾಗಿಗರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ವರ್ಡ್‌ಪ್ರೆಸ್‌ಗೆ ಲಾಗಿನ್ ಆಗಿರುವವರಿಗೆ ಹೆಚ್ಚಿನ ಕ್ಯಾಶ್ ಪ್ಲಗಿನ್‌ಗಳು ತಾಜಾ ಪುಟ ಕೊಡುತ್ತವೆ, ಹೊರಗಿನವರಿಗೆ ಎತ್ತಿಟ್ಟ ಪ್ರತಿ. ನೀವು ನೋಡಿದಾಗ ಫೀಡಿನಲ್ಲಿ ಹೊಸ ಬರಹ ಇರುತ್ತದೆ, ಹಬ್ ನೋಡಿದಾಗ ಇರುವುದಿಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಖಾಸಗಿ ವಿಂಡೋದಲ್ಲೇ ಮಾಡಿ. ಪ್ರಕಟಿಸಿದ ಕೂಡಲೇ ಫೀಡಿನ ವಿಳಾಸವನ್ನು ಒಮ್ಮೆ ಹಾಗೆಯೇ ತೆರೆಯಿರಿ, ಇನ್ನೊಮ್ಮೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಯಾವುದಾದರೂ ಒಂದು ಪದ ಸೇರಿಸಿ ತೆರೆಯಿರಿ. ಬಾಲ ಸೇರಿಸಿದ್ದರಲ್ಲಿ ಹೊಸ ಬರಹ ಕಂಡು ಬಾಲವಿಲ್ಲದ್ದರಲ್ಲಿ ಕಾಣದಿದ್ದರೆ ಕಾರಣ ಕ್ಯಾಶ್, ಅನುಮಾನ ಬೇಡ. ಹೆಡರ್‌ನಲ್ಲಿ 'ಏಜ್' ಎಂಬ ಸಾಲಿದ್ದರೆ ಅದರ ಮುಂದಿನ ಅಂಕಿ ಆ ಪ್ರತಿ ಎಷ್ಟು ಸೆಕೆಂಡ್ ಹಳೆಯದು ಎಂದು ಹೇಳುತ್ತದೆ.

ಕ್ಯಾಶ್ ಖಾಲಿಯಾಗುತ್ತದೆ, ಆದರೆ ತಡವಾಗಿ ಖಾಲಿಯಾಗುತ್ತದೆ ಎಂಬ ಸಂದರ್ಭ ಇನ್ನೂ ಸೂಕ್ಷ್ಮ. ಸರ್ವರ್ ಲಾಗ್ ತೆರೆದರೆ ಹೀಗೆ ಕಂಡೀತು: 11:02:14ಕ್ಕೆ ಬರಹ ಪ್ರಕಟ, ಅದೇ ಸೆಕೆಂಡಿನಲ್ಲಿ ಪಿಂಗ್, 11:02:15ಕ್ಕೆ ಹಬ್ ಬಂದು ಫೀಡ್ ಓದಿದೆ, 11:02:19ಕ್ಕೆ ಕ್ಯಾಶ್ ಖಾಲಿ. ನಾಲ್ಕೇ ಸೆಕೆಂಡಿನ ಅಂತರದಲ್ಲಿ ಸುದ್ದಿ ತಪ್ಪಿಹೋಯಿತು. ಐದು ನಿಮಿಷ ಬಿಟ್ಟು ನೀವು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲಾಗ್ ಓದುವಾಗ ಗಡಿಯಾರ ಗಮನಿಸಿ. ಬಹಳಷ್ಟು ಸರ್ವರ್‌ಗಳು ಯುಟಿಸಿ ಸಮಯ ಬರೆಯುತ್ತವೆ, ನಮ್ಮ ಗಡಿಯಾರಕ್ಕೆ ಹೊಂದಿಸಲು 5 ಗಂಟೆ 30 ನಿಮಿಷ ಕೂಡಿಸಬೇಕು.

ಪರಿಹಾರಗಳಲ್ಲಿ ಸುಲಭದ್ದು, ಕ್ಯಾಶ್ ಪ್ಲಗಿನ್‌ನ ಹೊರಗಿಡುವ ಪಟ್ಟಿಗೆ ಫೀಡ್ ವಿಳಾಸ ಸೇರಿಸುವುದು. ಸಾಮಾನ್ಯ ಬ್ಲಾಗಿಗೆ ಇದರಿಂದ ಸರ್ವರ್ ಮೇಲೆ ಬೀಳುವ ಹೊರೆ ತೀರಾ ಕಡಿಮೆ, ನಮ್ಮ ಸಲಹೆಯೂ ಇದೇ. ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಹಲವು ಕಡೆಯಿಂದ ಹಂಚುವ ಸರ್ವರ್ ಜಾಲ) ಮುಂದಿಟ್ಟುಕೊಂಡು 'ಎಲ್ಲವನ್ನೂ ಕ್ಯಾಶ್ ಮಾಡು' ಎಂಬ ನಿಯಮ ಬರೆದಿದ್ದರೆ ಅಲ್ಲಿಯೂ ಅದೇ ವಿನಾಯಿತಿ ಬೇಕು. ಹ್ಯೂಗೋ, ಜೆಕಿಲ್‌ನಂತಹ ಸ್ಥಿರ ಬ್ಲಾಗುಗಳಲ್ಲಿ ಕ್ರಮವೇ ಮುಖ್ಯ: ಕಡತಗಳೆಲ್ಲ ಏರಬೇಕು, ಸಿಡಿಎನ್ ತೊಳೆಯಬೇಕು, ಆಮೇಲೆ ಪಿಂಗ್. ಪಿಂಗ್ ಮುಂಚೆ 30 ಸೆಕೆಂಡ್ ಕಾಯುವಂತೆ ಒಂದು ಸಾಲು ಸೇರಿಸಿದರೆ ಬಹುತೇಕ ಸರಿಹೋಗುತ್ತದೆ.

ಕ್ಯಾಶ್ ಅಲ್ಲದಿದ್ದರೆ 304 ನೋಡಿ. ಹಬ್ ಮರಳಿ ಬಂದಾಗ, ಕಳೆದ ಸಲ ನೋಡಿದ ಮೇಲೆ ಏನಾದರೂ ಬದಲಾಗಿದೆಯೇ ಎಂದು ಇ-ಟ್ಯಾಗ್ ಅಥವಾ ಲಾಸ್ಟ್-ಮಾಡಿಫೈಡ್ ಹಿಡಿದು ಕೇಳಬಹುದು. ಸರ್ವರ್ ತಪ್ಪಾಗಿ ಇಲ್ಲ ಎಂದರೆ ಅದು ಫೀಡನ್ನು ಓದುವುದೇ ಇಲ್ಲ. ಪ್ರಕಟಿಸಿದ ಹೊತ್ತಿನಲ್ಲಿ ಹಬ್‌ನ ಭೇಟಿಗೆ ಲಾಗ್‌ನಲ್ಲಿ 200ರ ಬದಲು 304 ಇದ್ದರೆ ಇದೇ ಕಾರಣ.

403 ಇದ್ದರೆ ಬಾಟ್ ತಡೆ. ಭದ್ರತಾ ಪ್ಲಗಿನ್ ಅಥವಾ ಸಿಡಿಎನ್ 'ನೀವು ಮನುಷ್ಯರೇ' ಎಂದು ಕೇಳುವ ಪುಟ ತೋರಿಸಿರುತ್ತದೆ, ಹಬ್‌ಗೆ ಅದಕ್ಕೆ ಉತ್ತರಿಸಲು ಬಾರದು. ಫೀಡ್ ವಿಳಾಸಕ್ಕೆ ಮಾತ್ರ ಆ ತಪಾಸಣೆ ತೆಗೆಯಿರಿ. ಫೀಡ್ ಹೇಗೂ ಸಾರ್ವಜನಿಕವಾದ್ದು, ಇದರಿಂದ ಅಪಾಯವಿಲ್ಲ.

ಹಬ್ ಬಂದ ಗುರುತೇ ಲಾಗ್‌ನಲ್ಲಿ ಇಲ್ಲದಿದ್ದರೆ ದಾರಿಯಲ್ಲೇ ತಡೆಯಿದೆ. ಎರಡು ಕಾರಣಗಳು ಬ್ರೌಸರಿನಲ್ಲಿ ಕಾಣುವುದಿಲ್ಲ. ಮೊದಲನೆಯದು ಟಿಎಲ್‌ಎಸ್ ಪ್ರಮಾಣಪತ್ರದ ನಡುವಿನ ಕೊಂಡಿ ಸರ್ವರ್‌ನಲ್ಲಿ ಇಲ್ಲದಿರುವುದು. ಬ್ರೌಸರ್‌ಗಳು ಅದನ್ನು ಬೇರೆಡೆಯಿಂದ ತುಂಬಿಕೊಳ್ಳುತ್ತವೆ, ಸರ್ವರ್ ತಂತ್ರಾಂಶಗಳು ಸಾಮಾನ್ಯವಾಗಿ ತುಂಬಿಕೊಳ್ಳುವುದಿಲ್ಲ. ಕರ್ಲ್‌ನಿಂದ ಫೀಡ್ ತಂದಾಗ ಪ್ರಮಾಣಪತ್ರದ ದೋಷ ಬಂದರೆ ಇದೇ. ಎರಡನೆಯದು ಡಿಎನ್‌ಎಸ್‌ನಲ್ಲಿ ಹಳೆಯ ಐಪಿವಿ6 ದಾಖಲೆ. ಹೋಸ್ಟಿಂಗ್ ಬದಲಿಸಿದಾಗ ಐಪಿವಿ4 ವಿಳಾಸ ತಿದ್ದಿ ಇದನ್ನು ಮರೆತಿರುತ್ತಾರೆ. ಐಪಿವಿ6 ಹಿಡಿದು ಬರುವವರೆಲ್ಲ ಹಳೆಯ ಸರ್ವರಿನ ಬಾಗಿಲಿಗೆ ಹೋಗುತ್ತಾರೆ.

ಗೂಗಲ್‌ನ ಹಬ್‌ನ ಪುಟದಲ್ಲಿ ಪ್ರಕಾಶಕರಿಗೆಂದೇ ಪರೀಕ್ಷಾ ಪೆಟ್ಟಿಗೆಯೊಂದಿದೆ. ಫೀಡಿನ ವಿಳಾಸ ಕೊಟ್ಟು ಹಬ್ ಅದನ್ನು ಕಡೆಯ ಬಾರಿ ಯಾವಾಗ ತಂದಿತು ಎಂದು ನೋಡಬಹುದು. ವೆಬ್‌ಸಬ್ ಡಾಟ್ ರಾಕ್ಸ್ ತಾಣ ಒಂದೊಂದೇ ಹಂತವನ್ನು ಪರೀಕ್ಷಿಸಿ ಎಲ್ಲಿ ಮುರಿದಿದೆ ಎಂದು ತೋರಿಸುತ್ತದೆ.

ಲಕ್ಷಣ: ಕೆಲವು ಬರಹ ಮಾತ್ರ ತಪ್ಪಿಹೋಗುತ್ತವೆ

ತಪ್ಪಿದ ಬರಹಗಳನ್ನು ಸಾಲಾಗಿಟ್ಟು ಅವುಗಳಲ್ಲಿ ಸಮಾನವಾದದ್ದೇನು ಎಂದು ನೋಡಿ.

ಎಲ್ಲವೂ ಸಮಯ ನಿಗದಿ ಮಾಡಿ ಬಿಟ್ಟ ಬರಹಗಳಾದರೆ ಡಬ್ಲ್ಯುಪಿ-ಕ್ರಾನ್ ಕಾರಣ. ಅದು ನಿಜವಾದ ಗಡಿಯಾರವಲ್ಲ, ಯಾರಾದರೂ ಬ್ಲಾಗಿಗೆ ಬಂದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಬೆಳಗಿನ 5 ಗಂಟೆಗೆ ಇಟ್ಟ ಬರಹ, 7:40ಕ್ಕೆ ಮೊದಲ ಓದುಗರು ಬರುವ ತನಕ ಕಾಯುತ್ತದೆ. ಹೋಸ್ಟಿಂಗ್ ಫಲಕದಲ್ಲಿ 5 ನಿಮಿಷಕ್ಕೊಮ್ಮೆ ಡಬ್ಲ್ಯುಪಿ-ಕ್ರಾನ್ ಕಡತವನ್ನು ಕರೆಯುವ ಕ್ರಾನ್ ಕೆಲಸ ಹಾಕಿ, ಅದು ಓಡುವುದು ಖಚಿತವಾದ ಮೇಲೆ ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ ಒಳಗಿನ ಕ್ರಾನ್ ನಿಲ್ಲಿಸಿ. ಈ ಕ್ರಮ ತಿರುಗಿಸಿದರೆ ನಡುವೆ ಏನೂ ಪ್ರಕಟವಾಗದ ಗಳಿಗೆಯೊಂದು ಉಂಟಾಗುತ್ತದೆ.

ಹಿಂದಿನ ದಿನಾಂಕ ಹಾಕಿ ಪ್ರಕಟಿಸಿದ್ದಾದರೆ, ಅಥವಾ ಹಳೆಯ ಬ್ಲಾಗಿನಿಂದ ಒಟ್ಟಿಗೆ ತಂದಿದ್ದಾದರೆ ದೋಷವೇನಿಲ್ಲ. ವರ್ಡ್‌ಪ್ರೆಸ್ ಫೀಡಿನಲ್ಲಿ ಪೂರ್ವನಿಗದಿಯಂತೆ ಇತ್ತೀಚಿನ 10 ಬರಹ ಮಾತ್ರ ಇರುತ್ತವೆ. ಅದರಾಚೆ ಬಿದ್ದದ್ದು ಹಬ್‌ಗೆ ಕಾಣದು. ಒಂದೇ ಹೊಡೆತಕ್ಕೆ 15 ಬರಹ ಹಾಕುವುದಿದ್ದರೆ ರೀಡಿಂಗ್ ಸೆಟ್ಟಿಂಗ್‌ನಲ್ಲಿ ಆ ಅಂಕಿಯನ್ನು ತಾತ್ಕಾಲಿಕವಾಗಿ 20ಕ್ಕೆ ಏರಿಸಿ.

ಕನ್ನಡ ಬ್ಲಾಗುಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮುಂದಿನದರಲ್ಲಿ. ಫೀಡ್ ಎಂಬುದು ಎಕ್ಸ್‌ಎಂಎಲ್. ಅದರಲ್ಲಿ ಒಂದೇ ಒಂದು ಕೆಟ್ಟ ಬೈಟ್ ಇದ್ದರೂ ಇಡೀ ಫೀಡ್ ಓದಲಾಗದೆ ಹೋಗಬಹುದು. ಆ ಬರಹ ಮೊದಲ ಹತ್ತರೊಳಗೆ ಇರುವಷ್ಟು ದಿನವೂ ಮಿಕ್ಕವುಗಳ ಸುದ್ದಿಯೂ ನಿಲ್ಲುತ್ತದೆ, ಅದು ಕೆಳಗೆ ಜಾರಿದೊಡನೆ ತಾನಾಗಿ ಸರಿಹೋದಂತೆ ಕಾಣುತ್ತದೆ. ಹೀಗೆ ಬಂದು ಹೋಗುವ ದೋಷವಿದ್ದರೆ ಫೀಡನ್ನು ಡಬ್ಲ್ಯು3ಸಿ ಫೀಡ್ ಪರೀಕ್ಷಕಕ್ಕೆ ಕೊಡಿ, ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.

ಕೆಟ್ಟ ಬೈಟ್ ಬರುವ ಒಂದು ದಾರಿ ಸಾರಾಂಶ ಕತ್ತರಿಸುವ ಕೋಡ್. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಖಾಲಿ ಜಾಗಕ್ಕೆ 1. ಥೀಮ್ ಬರೆದವರು ಪಿಎಚ್‌ಪಿಯ ಸಾದಾ 'ಸಬ್‌ಸ್ಟ್ರ್' ಬಳಸಿ 150 ಬೈಟಿಗೆ ಕತ್ತರಿಸಿದರೆ, ನಡುವೆ ಎಷ್ಟು ಖಾಲಿ ಜಾಗ ಬಂದಿವೆ ಎಂಬುದರ ಮೇಲೆ ಕತ್ತರಿ ಒಮ್ಮೆ ಅಕ್ಷರದ ಅಂಚಿಗೆ, ಒಮ್ಮೆ ಅಕ್ಷರದ ಹೊಟ್ಟೆಗೇ ಬೀಳುತ್ತದೆ. ಆದ್ದರಿಂದಲೇ ಕೆಲವು ಬರಹ ಮಾತ್ರ ಕೆಡುತ್ತವೆ. ಸಾರಾಂಶದ ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ ಕಂಡರೆ ಅದರ ಗುರುತು. 'ಎಂಬಿ_ಸಬ್‌ಸ್ಟ್ರ್' ಹಾಕಿದರೆ ಸರಿಹೋಗುತ್ತದೆ. ಇಂಗ್ಲಿಷ್ ಬರಹದಲ್ಲಿ ಪ್ರತಿ ಅಕ್ಷರಕ್ಕೂ 1 ಬೈಟ್ ಆದ್ದರಿಂದ ಥೀಮ್ ಮಾಡಿದವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ.

ಇನ್ನೊಂದು ದಾರಿ ಡಿಟಿಪಿ ಕಡತದಿಂದ ಅಂಟಿಸಿದ ಪಠ್ಯ. ಪೇಜ್‌ಮೇಕರ್ ಅಥವಾ ವರ್ಡ್‌ನಿಂದ ಯುನಿಕೋಡ್‌ಗೆ ಪರಿವರ್ತಿಸಿದ ಬರಹದಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳು ಉಳಿಯುತ್ತವೆ, ಅವು ಎಕ್ಸ್‌ಎಂಎಲ್ 1.0ರಲ್ಲಿ ನಿಷಿದ್ಧ. ನೋಟ್‌ಪ್ಯಾಡ್‌ಗೆ ಅಂಟಿಸಿ ಮತ್ತೆ ನಕಲು ಮಾಡಿದರೂ ಹೋಗದಿರಬಹುದು. ಪರೀಕ್ಷಕ ತೋರಿಸಿದ ಸಾಲಿನ ಆ ಪದವನ್ನು ಅಳಿಸಿ ಕೈಯಿಂದ ಮತ್ತೆ ಟೈಪಿಸುವುದೇ ಖಚಿತ. ಒತ್ತಕ್ಷರ ಬಿಡಿಸಲು ಬಳಸುವ ಝಡ್‌ಡಬ್ಲ್ಯುಎನ್‌ಜೆ ಬಗ್ಗೆ ಹೆದರಬೇಡಿ, ಎಕ್ಸ್‌ಎಂಎಲ್ ಅದನ್ನು ಒಪ್ಪುತ್ತದೆ.

ಫೀಡ್ ತೆರೆದ ಕೂಡಲೇ, ಎಕ್ಸ್‌ಎಂಎಲ್ ಘೋಷಣೆ ಆರಂಭದಲ್ಲಿಲ್ಲ ಎಂಬ ದೋಷ ಬಂದರೆ ಯಾವುದೋ ಪಿಎಚ್‌ಪಿ ಕಡತದ ಕೊನೆಯಲ್ಲಿ ಖಾಲಿ ಸಾಲಿದೆ. ನೀವು ಕೊನೆಯದಾಗಿ ತಿದ್ದಿದ ಫಂಕ್ಷನ್ಸ್ ಕಡತದಿಂದ ಹುಡುಕಲು ಶುರುಮಾಡಿ.

ಲಕ್ಷಣ: ಮುಖ್ಯ ಫೀಡ್ ಸರಿ, ಕನ್ನಡ ಟ್ಯಾಗಿನ ಫೀಡ್‌ಗೆ ಸುದ್ದಿ ಇಲ್ಲ

ಪ್ಲಗಿನ್ ಟ್ಯಾಗ್ ಫೀಡ್‌ಗೂ ಪಿಂಗ್ ಮಾಡುವಂತೆ ಹೊಂದಿಸಿದೆಯೇ ಎಂದು ಮೊದಲು ನೋಡಿ. ಹೊಂದಿಸಿಯೂ ಬಾರದಿದ್ದರೆ ವಿಳಾಸವನ್ನು ಹತ್ತಿರದಿಂದ ನೋಡಬೇಕು. 'ಕವಿತೆ' ಎಂಬ ಟ್ಯಾಗಿನ 'ಕ' ಅಕ್ಷರ ವಿಳಾಸದಲ್ಲಿ %ಇ0%ಬಿ2%95 ಎಂದಾಗುತ್ತದೆ. ಈ ಇ ಮತ್ತು ಬಿ ಇಂಗ್ಲಿಷ್‌ನಲ್ಲಿರುತ್ತವೆ. ವರ್ಡ್‌ಪ್ರೆಸ್ ಅವನ್ನು ಸಣ್ಣಕ್ಷರದಲ್ಲಿ ಬರೆಯುತ್ತದೆ, ಹಲವು ತಂತ್ರಾಂಶಗಳು ದೊಡ್ಡಕ್ಷರಕ್ಕೆ ತಿರುಗಿಸುತ್ತವೆ. ಬ್ರೌಸರಿಗೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವವರಿಗೆ ಎರಡು ಬೇರೆ ಫೀಡ್. ಟ್ಯಾಗಿನ ಸ್ಲಗ್ (ವಿಳಾಸದಲ್ಲಿ ಕಾಣುವ ಅದರ ಹೆಸರು) ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು ಹೆಸರನ್ನು ಕನ್ನಡದಲ್ಲೇ ಉಳಿಸಿಕೊಂಡರೆ ಈ ತೊಡಕು ಹುಟ್ಟುವುದೇ ಇಲ್ಲ.

ಬರಹದ ಸ್ಲಗ್‌ಗೂ ಇದೇ ಲೆಕ್ಕ. ಒಂದು ಕನ್ನಡ ಸಂಕೇತಕ್ಕೆ 9 ಚಿಹ್ನೆ, ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವ ಜಾಗ 200 ಚಿಹ್ನೆ. ಹಾಗಾಗಿ ಸುಮಾರು 22 ಸಂಕೇತಕ್ಕೆ ಉದ್ದ ತಲೆಬರಹದ ವಿಳಾಸ ಕತ್ತರಿಸಿ ನಿಲ್ಲುತ್ತದೆ. ಸುದ್ದಿ ಹೋಗುವುದಕ್ಕೆ ಇದು ಅಡ್ಡಿಯಲ್ಲ, ಆದರೆ ಪ್ರಕಟಿಸಿದ ಮೇಲೆ ಆ ವಿಳಾಸ ತಿದ್ದಿದರೆ ರೀಡರ್ ತಲುಪಿದ ಲಿಂಕ್ ಹಳೆಯದಾಗಿ ಉಳಿಯಬಹುದು. ತಿದ್ದುವುದನ್ನು ಪ್ರಕಟಿಸುವ ಮುಂಚೆಯೇ ತಿದ್ದಿ.

ಲಕ್ಷಣ: ನೀವೇ ಬರೆದ ಚಂದಾದಾರ ಕೋಡ್‌ಗೆ ಚಂದಾ ಆಗುತ್ತಿಲ್ಲ

ಬೇರೆ ಬ್ಲಾಗುಗಳ ಹೊಸ ಬರಹವನ್ನು ಟೆಲಿಗ್ರಾಂ ಗುಂಪಿಗೋ ಸಂಗ್ರಹ ಪುಟಕ್ಕೋ ತರಲು ಕೋಡ್ ಬರೆಯುವವರಿಗೆ ಇದು. ಚಂದಾ ಕೋರಿಕೆಗೆ 202 ಬಂದರೆ ಚಂದಾ ಆಯಿತೆಂದು ತಿಳಿಯಬೇಡಿ. ಕೋರಿಕೆ ಕೈಸೇರಿತು ಎಂದಷ್ಟೇ. ಆಮೇಲೆ ಹಬ್ ನಿಮ್ಮ ಕಾಲ್‌ಬ್ಯಾಕ್‌ಗೆ ಗೆಟ್ ಕೋರಿಕೆ ಕಳಿಸಿ 'ಹಬ್.ಚಾಲೆಂಜ್' ಎಂಬ ಮೌಲ್ಯ ಕೊಡುತ್ತದೆ. ಅದನ್ನೇ, ಅಷ್ಟನ್ನೇ, 200 ಜೊತೆ ಮರಳಿಸಬೇಕು.

ಎಡವುವುದು ಈ 'ಅಷ್ಟನ್ನೇ' ಎಂಬಲ್ಲಿ. ಜೇಸನ್ ಆಗಿ ಕಳಿಸಿದರೆ ಎರಡು ಬದಿಗೂ ಉದ್ಧರಣ ಚಿಹ್ನೆ ಸೇರಿಕೊಳ್ಳುತ್ತದೆ. ವರ್ಡ್‌ಪ್ರೆಸ್ ಪುಟದೊಳಗಿಂದ ಮುದ್ರಿಸಿದರೆ ಥೀಮಿನ ತಲೆ-ಬಾಲ ಅಂಟುತ್ತದೆ. ಪಿಎಚ್‌ಪಿಯಲ್ಲಿ ಇನ್ನೊಂದು ಮರೆ ಇದೆ: ಕೋರಿಕೆಯ ಹೆಸರಿನಲ್ಲಿರುವ ಚುಕ್ಕೆಯನ್ನು ಅದು ಅಂಡರ್‌ಸ್ಕೋರ್ ಮಾಡುತ್ತದೆ. 'ಹಬ್.ಚಾಲೆಂಜ್' ಹುಡುಕಿದರೆ ಸಿಗದು, 'ಹಬ್_ಚಾಲೆಂಜ್' ಎಂದು ಹುಡುಕಬೇಕು.

ಗೆಟ್ ಪಾಸಾಗಿ ಬರಹ ಮಾತ್ರ ಬರುತ್ತಿಲ್ಲವೆಂದರೆ ಲಾಗ್‌ನಲ್ಲಿ ಪೋಸ್ಟ್ ಕೋರಿಕೆಗೆ ಕೊಟ್ಟ ಉತ್ತರ ನೋಡಿ. ಜಾಂಗೋದಲ್ಲಿ 403, ಲಾರಾವೆಲ್‌ನಲ್ಲಿ 419 ಇದ್ದರೆ ಅದು ಸಿಎಸ್‌ಆರ್‌ಎಫ್ ತಡೆ, ಅಂದರೆ ಬೇರೆ ತಾಣದಿಂದ ಬರುವ ನಕಲಿ ಕೋರಿಕೆಗಳನ್ನು ತಡೆಯುವ ಕಾವಲು. ಆ ಒಂದು ದಾರಿಗೆ ಮಾತ್ರ ವಿನಾಯಿತಿ ಕೊಡಿ.

ಕಾಲ್‌ಬ್ಯಾಕ್ ಎಂದರೆ ಯಾರು ಬೇಕಾದರೂ ತಟ್ಟಬಹುದಾದ ಬಾಗಿಲು. ಊಹಿಸಲಾಗದ ವಿಳಾಸ ಇಡಿ. ಚಾಲೆಂಜ್ ಮರಳಿಸುವ ಮುಂಚೆ ಆ ಫೀಡನ್ನು ನೀವೇ ಕೇಳಿದ್ದೇ ಎಂದು ನೋಡಿ, ಕೇಳದಿದ್ದರೆ 404 ಕೊಡಿ. ಸಿಕ್ಕಿದ್ದಕ್ಕೆಲ್ಲ ಚಾಲೆಂಜ್ ಮರಳಿಸುವ ಕೋಡ್‌ಗೆ ಯಾರೋ ಕಿಡಿಗೇಡಿಗಳು ಬೇಕಾದ ಫೀಡ್ ಅಂಟಿಸಬಹುದು.

ಲಕ್ಷಣ: ಕೆಲವು ದಿನ ಸರಿಯಾಗಿ ಬಂದು ದಿಢೀರ್ ನಿಂತಿತು

ಚಂದಾ ಅವಧಿ ಮುಗಿದಿದೆ. ವೆಬ್‌ಸಬ್‌ನಲ್ಲಿ ಶಾಶ್ವತ ಚಂದಾ ಇಲ್ಲ. ಚಾಲೆಂಜ್ ಬಂದಾಗ ಜೊತೆಗೇ 'ಹಬ್.ಲೀಸ್_ಸೆಕೆಂಡ್ಸ್' ಬರುತ್ತದೆ. 432000 ಎಂದರೆ 5 ದಿನ, 864000 ಎಂದರೆ 10 ದಿನ. ನೀವು ಕೇಳಿದ್ದನ್ನಲ್ಲ, ಹಬ್ ಕೊಟ್ಟದ್ದನ್ನು ಉಳಿಸಿಕೊಂಡು, ಮುಗಿಯುವ ಒಂದು ದಿನ ಮುಂಚೆಯೇ ಅದೇ ಕಾಲ್‌ಬ್ಯಾಕ್, ಅದೇ ಫೀಡ್ ವಿಳಾಸದಿಂದ ಮತ್ತೆ ಕೋರಿಕೆ ಕಳಿಸಿ. ಕಾಲ್‌ಬ್ಯಾಕ್ ಎಂದಾದರೂ 410 ಉತ್ತರಿಸಿದ್ದರೆ ಹಬ್ ಚಂದಾವನ್ನು ಅವಧಿಗೆ ಮುಂಚೆಯೇ ಅಳಿಸಿರಬಹುದು.

ಲಕ್ಷಣ: ಸುದ್ದಿ ಬರುತ್ತದೆ, ಸಹಿ ಹೊಂದುವುದಿಲ್ಲ

ಗುಟ್ಟಿನ ಪದ ಕೊಟ್ಟು ಚಂದಾ ಆದರೆ ಹಬ್ ಪ್ರತಿ ಸುದ್ದಿಯೊಡನೆ ಎಕ್ಸ್-ಹಬ್-ಸಿಗ್ನೇಚರ್ ಹೆಡರ್ ಕಳಿಸುತ್ತದೆ. ಅದು ಬಂದ ದೇಹದ ಬೈಟುಗಳ ಮೇಲೆ ಹಾಕಿದ ಎಚ್‌ಮ್ಯಾಕ್, ಅಂದರೆ ಗುಟ್ಟಿನ ಪದ ಬಳಸಿ ಲೆಕ್ಕ ಹಾಕಿದ ಸಹಿ. ಯಾವ ಬಗೆಯ ಹ್ಯಾಶ್ ಎಂಬುದು ಹೆಡರ್‌ನಲ್ಲೇ ಸಮಚಿಹ್ನೆಯ ಮುಂಚೆ ಇರುತ್ತದೆ, ಅದನ್ನು ಓದಿಯೇ ಲೆಕ್ಕ ಹಾಕಿ. ಗುಟ್ಟಿನ ಪದ 200 ಬೈಟಿಗಿಂತ ಕಡಿಮೆ ಇರಬೇಕು. ಅದನ್ನು ಕನ್ನಡದಲ್ಲಿ ಇಟ್ಟರೆ 3 ಪಟ್ಟು ಲೆಕ್ಕ ನೆನಪಿರಲಿ.

ಇಂಗ್ಲಿಷ್ ಫೀಡ್‌ಗೆ ಸಹಿ ಹೊಂದಿ ಕನ್ನಡ ಫೀಡ್‌ಗೆ ಹೊಂದದಿದ್ದರೆ ನೀವು ಕಚ್ಚಾ ಬೈಟುಗಳ ಬದಲು ಓದಿ ಮತ್ತೆ ಬರೆದ ಪಠ್ಯದ ಮೇಲೆ ಲೆಕ್ಕ ಹಾಕುತ್ತಿದ್ದೀರಿ. 'ಕೊ' ಎಂಬಲ್ಲಿನ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ನಡುವೆ ಯಾವುದೋ ಲೈಬ್ರರಿ ಒಂದನ್ನು ಇನ್ನೊಂದಕ್ಕೆ ಬದಲಿಸಿದರೆ ಓದಲು ಎರಡೂ 'ಕೊ', ಬೈಟುಗಳು ಬೇರೆ. ನಿಮ್ಮ ಫ್ರೇಮ್‌ವರ್ಕ್‌ನ ಬಾಡಿ-ಪಾರ್ಸರ್ (ಬಂದ ದೇಹವನ್ನು ಓದಿ ಬಿಡಿಸುವ ಭಾಗ) ಮುಟ್ಟುವ ಮುಂಚೆಯೇ ಕಚ್ಚಾ ದೇಹ ಹಿಡಿದುಕೊಳ್ಳಿ. ಸಹಿ ಹೊಂದದ ಸುದ್ದಿಗೂ 200 ಸರಣಿಯ ಉತ್ತರ ಕೊಟ್ಟು, ಒಳಗೆ ಬಿಟ್ಟುಕೊಳ್ಳದೆ ಎಸೆಯಿರಿ.

ಲಕ್ಷಣ: ಒಂದೇ ಬರಹ ಎರಡು ಮೂರು ಸಲ ಬರುತ್ತದೆ

ಬರಹದ ಗುರುತುಸಂಖ್ಯೆ, ಅಂದರೆ ಆರ್‌ಎಸ್‌ಎಸ್‌ನ ಗುಯ್ಡ್ ಅಥವಾ ಆಟಮ್‌ನ ಐಡಿ, ಬದಲಾಗುತ್ತಿದೆ. ಎಚ್‌ಟಿಟಿಪಿಎಸ್‌ಗೆ ಹೋಗುವಾಗ ಡೇಟಾಬೇಸ್‌ನಲ್ಲಿ ಎಲ್ಲೆಡೆ ಹುಡುಕಿ-ಬದಲಿಸಿ ಎಂದು ಓಡಿಸಿದರೆ ಗುಯ್ಡ್ ಕೂಡ ಬದಲಾಗಿ ಹತ್ತೂ ಬರಹ ಹೊಸದಾಗಿ ಕಾಣುತ್ತವೆ. ಆ ಕಾಲಮ್ಮನ್ನು ಯಾವಾಗಲೂ ಹೊರಗಿಡಿ. ಗುರುತು ಸರಿಯಿದ್ದೂ ಮರುಕಳಿಸಿದರೆ ನಿಮ್ಮ ಫೀಡ್ ಎರಡು ಹಬ್ ಹೆಸರಿಸಿದ್ದು ಚಂದಾದಾರರು ಎರಡರಲ್ಲೂ ಸೇರಿರಬಹುದು. ಗುರುತು ನೋಡಿ ಎರಡನೆಯದನ್ನು ಬಿಡುವುದು ಅವರ ಕೋಡ್‌ನ ಕೆಲಸ.

ಎಲ್ಲಿಗೆ ನಿಲ್ಲಿಸಿ ಯಾರನ್ನು ಕೇಳಬೇಕು

ಸರ್ವರ್‌ನಿಂದ 443 ಪೋರ್ಟ್ ಮೂಲಕ ಹೊರಹೋಗುವ ಕೋರಿಕೆ ಕಾದು ಕಾದು ಸೋಲುತ್ತಿದ್ದರೆ, ಪ್ರಮಾಣಪತ್ರದ ನಡುಕೊಂಡಿ ಇಲ್ಲದಿದ್ದರೆ, ಅಥವಾ ಹಬ್‌ಗೆ 403 ಕೊಡುತ್ತಿರುವುದು ನಿಮ್ಮ ಪ್ಲಗಿನ್ ಅಲ್ಲದೆ ಸರ್ವರಿನ ಮಾಡ್‌ಸೆಕ್ಯುರಿಟಿ ಎಂಬ ಫೈರ್‌ವಾಲ್ ಆಗಿದ್ದರೆ ಹೋಸ್ಟಿಂಗ್‌ನವರಿಗೆ ಬರೆಯಿರಿ. ಇವನ್ನು ಪ್ಲಗಿನ್ ಬದಲಿಸಿ ಸರಿಮಾಡಲಾಗದು. ಫೀಡ್, ಪಿಂಗ್, ಲಾಗ್ ಮೂರೂ ಸರಿಯಿದ್ದು ಒಂದೇ ರೀಡರ್‌ಗೆ ಹೋಗುತ್ತಿಲ್ಲವಾದರೆ ಆ ರೀಡರ್‌ನವರನ್ನು ಕೇಳಿ. ಹಬ್ ತಾನೇ ದಿನವಿಡೀ 500 ಸರಣಿಯ ಉತ್ತರ ಕೊಡುತ್ತಿದ್ದರೆ ಕಾಯಿರಿ, ಇಲ್ಲವೇ ಫೀಡಿಗೆ ಎರಡನೆಯ ಹಬ್ ಸೇರಿಸಿ. ಈಗಿರುವ ಹಬ್‌ನ ಸಾಲನ್ನು ಮಾತ್ರ ಕೂಡಲೇ ತೆಗೆಯಬೇಡಿ, ಹಳೆಯ ಚಂದಾಗಳೆಲ್ಲ ಅಲ್ಲೇ ಇವೆ.

ಸಹಾಯ ಕೇಳುವ ಪತ್ರದಲ್ಲಿ ಇಷ್ಟು ಇರಲಿ: ಫೀಡಿನ ಪೂರ್ತಿ ವಿಳಾಸ, ಹಬ್‌ನ ವಿಳಾಸ, ಪ್ರಕಟಿಸಿದ ದಿನಾಂಕ ಮತ್ತು ಸೆಕೆಂಡ್ ಸಮೇತ ಸಮಯ, ಅದು ಯುಟಿಸಿಯೋ ನಮ್ಮ ಗಡಿಯಾರದ್ದೋ, ಪಿಂಗ್‌ಗೆ ಬಂದ ಉತ್ತರದ ಸಂಖ್ಯೆ, ಆ ಹೊತ್ತಿನ ಒಂದೆರಡು ನಿಮಿಷದ ಲಾಗ್ ಸಾಲುಗಳು. ಗುಟ್ಟಿನ ಪದ ಮತ್ತು ಕಾಲ್‌ಬ್ಯಾಕ್‌ನ ಪೂರ್ತಿ ವಿಳಾಸವನ್ನು ಅಳಿಸಿ ಕಳಿಸಿ. ಅಪ್ಪಿತಪ್ಪಿ ಸ್ಕ್ರೀನ್‌ಶಾಟ್‌ನಲ್ಲಿ ಹೋಗಿಬಿಟ್ಟಿದ್ದರೆ ಹೊಸ ಗುಟ್ಟಿನ ಪದ, ಹೊಸ ಕಾಲ್‌ಬ್ಯಾಕ್ ಕೊಟ್ಟು ಮತ್ತೆ ಚಂದಾ ಆಗಿ, ಅದು ಖಚಿತವಾದ ಮೇಲೆ ಹಳೆಯದನ್ನು ರದ್ದುಮಾಡಿ.